ಹೊಸದುರ್ಗದಲ್ಲಿ ಸೋತವರು ಮುಖ್ಯಮಂತ್ರಿಯಾದದ್ದು ಹೇಗೆ?

ಯಲ್ಲದಕೆರೆಯಿಂದ ಹೊಳಲ್ಕೆರೆಯವರೆಗೆ ಎಸ್. ನಿಜಲಿಂಗಪ್ಪನವರ ಮಾತು ಬಂದರೆ, ಚಿತ್ರದುರ್ಗದ ಜನ ಅವರ ಕೈ ಬಿಟ್ಟದ್ದೇ ಇಲ್ಲ ಎನ್ನುವವರಿದ್ದಾರೆ. ಅಭಿಮಾನದ ಮಾತು, ಆದರೆ ನಿಜವಲ್ಲ. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ, 1957ರಲ್ಲಿ ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಗೆದ್ದ ಅವರು 1962ರಲ್ಲಿ ಹೊಸದುರ್ಗದಲ್ಲಿ ಸೋತರು. ಕಾಂಗ್ರೆಸ್ಸಿನ ಜೋಡೆತ್ತಿನ ಎದುರು ಪ್ರಜಾ ಸೋಷಲಿಸ್ಟರ ಗುಡಿಸಲು ಗೆದ್ದಿತು, ಶಾಸಕರಾದವರು ಜಿ.ಟಿ. ರಂಗಪ್ಪ. ಕರ್ನಾಟಕದ ಏಕೀಕರಣಕ್ಕಾಗಿ ದುಡಿದು, 1956ರ ನವೆಂಬರ್ 1ರಂದು ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರನ್ನೇ ಇಲ್ಲಿನ ಮತದಾರರು ಒಪ್ಪಲಿಲ್ಲ. ಈ ಸೋಲನ್ನು ಮುಚ್ಚಿಡುವುದು ಅವರಿಗೂ ಗೌರವವಲ್ಲ, ಮತ ಹಾಕಿದ ನಮ್ಮ ಹಿರಿಯರಿಗೂ ಅಲ್ಲ.

ಹಾಗಿದ್ದರೆ ಆ ವರ್ಷವೇ ಅವರು ಮತ್ತೆ ಮುಖ್ಯಮಂತ್ರಿಯಾದದ್ದು ಹೇಗೆ? ಇಲ್ಲಿಯೇ ಎರಡನೆಯ ತಪ್ಪು ತಿಳಿವಳಿಕೆ: ಮುಖ್ಯಮಂತ್ರಿಯನ್ನು ಜನರೇ ನೇರವಾಗಿ ಆರಿಸುತ್ತಾರೆ ಎಂಬುದು. ಅಮೆರಿಕದ ರಾಜ್ಯಗಳಲ್ಲಿ ಗವರ್ನರನ್ನು ಜನ ಹಾಗೆ ಆರಿಸುತ್ತಾರೆ. ನಮ್ಮಲ್ಲಿ ಮುಖ್ಯಮಂತ್ರಿಗೆ ಬೇಕಾದದ್ದು ವಿಧಾನಸಭೆಯ ಬಹುಮತ. 1962ರಲ್ಲಿ 208 ಸ್ಥಾನಗಳ ಪೈಕಿ 138 ಕಾಂಗ್ರೆಸ್ಸಿನ ಪಾಲಾಗಿದ್ದವು. ನಾಯಕ ಸೋತರೂ ಪಕ್ಷ ಸೋತಿರಲಿಲ್ಲ.

ಸೋತವರು ಆ ಹುದ್ದೆಗೆ ಬರುವಂತಿಲ್ಲ ಎಂಬ ಕಾಯಿದೆ ಇದೆ ಎಂದೂ ಹಲವರು ನಂಬಿದ್ದಾರೆ. ಸಂವಿಧಾನದ 164ನೇ ವಿಧಿಯ ಪ್ರಕಾರ ಸದಸ್ಯರಲ್ಲದವರೂ ಮಂತ್ರಿಯಾಗಬಹುದು, ಆರು ತಿಂಗಳೊಳಗೆ ಆಯ್ಕೆಯಾಗಬೇಕು, ಅಷ್ಟೆ. 2021ರಲ್ಲಿ ಪಶ್ಚಿಮ ಬಂಗಾಳದ ನಂದಿಗ್ರಾಮದಲ್ಲಿ ಸೋತ ಮಮತಾ ಬ್ಯಾನರ್ಜಿ ಮೊದಲು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡು, ಆಮೇಲೆ ಭವಾನಿಪುರದಿಂದ ಗೆದ್ದರು. ನಿಜಲಿಂಗಪ್ಪನವರ ವಿಷಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಮೊದಲು ಗೆಲುವು, ಆಮೇಲೆ ಕುರ್ಚಿ. ನನಗೆ ಇದೇ ಹೆಚ್ಚು ಘನತೆಯ ದಾರಿ ಎನಿಸುತ್ತದೆ.

ಆ ಸೋಲು, ಗೆಲುವುಗಳ ನಡುವೆ, 1962ರ ಮಾರ್ಚ್ 14ರಂದು, ಹುನಗುಂದದ ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು. ಅವರನ್ನು ಲೆಕ್ಕಕ್ಕಿಲ್ಲದ ಹಂಗಾಮಿ ಎಂದು ತಳ್ಳಿಹಾಕುವುದು ತಪ್ಪು. ಅವರು ಪ್ರಮಾಣವಚನ ಸ್ವೀಕರಿಸಿದ ಪೂರ್ಣಾಧಿಕಾರದ ಮುಖ್ಯಮಂತ್ರಿ, ಅದಕ್ಕೂ ಮೊದಲು ವಿಧಾನಸಭೆಯ ಅಧ್ಯಕ್ಷರಾಗಿದ್ದವರು. ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳ ರಾಜೀನಾಮೆಯಿಂದ ತೆರವಾದ ಕ್ಷೇತ್ರದಲ್ಲಿ ನಿಜಲಿಂಗಪ್ಪ ಗೆದ್ದು ಬಂದರು. ಕಂಠಿಯವರು ಕುರ್ಚಿ ಬಿಟ್ಟುಕೊಟ್ಟು, ನಿಜಲಿಂಗಪ್ಪನವರದೇ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾಗಿ ಕೆಲಸ ಮಾಡಿದರು. ಜೂನ್ 21ರಂದು ಅಧಿಕಾರಕ್ಕೆ ಬಂದ ನಿಜಲಿಂಗಪ್ಪ 1968ರ ಮೇವರೆಗೆ ಮುಖ್ಯಮಂತ್ರಿಯಾಗಿದ್ದರು.