ಜಾವಾಗೆ ಕಾಗುಣಿತ ಕಲಿಸೋಣ ಬನ್ನಿ



ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಜಾವಾ ಎಂಬ ಹೆಸರು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಎ.ಪಿ. ಕಂಪ್ಯೂಟರ್ ಸೈನ್ಸ್ ಎ ಪರೀಕ್ಷೆ ನಡೆಯುವುದು ಆ ಭಾಷೆಯಲ್ಲೇ. ಅದನ್ನು ಕಲಿಯುವಾಗ ಕೆಲವು ಕೆಲಸಗಳು ಮತ್ತೆ ಮತ್ತೆ ಬರುತ್ತವೆ: ಪದದಲ್ಲಿ ಎಷ್ಟು ಅಕ್ಷರಗಳಿವೆ ಎಣಿಸು, ಪದವನ್ನು ತಿರುಗಿಸು, ಪಟ್ಟಿಯಲ್ಲಿ ಹುಡುಕು, ಹೆಸರುಗಳನ್ನು ಕ್ರಮವಾಗಿ ಜೋಡಿಸು. ಇವೆಲ್ಲ ಸುಲಭದ ಕೆಲಸಗಳು ಎಂದು ನಮ್ಮ ಮನೆಯಲ್ಲೂ ಅಂದುಕೊಂಡಿದ್ದೆವು, ಅಜ್ಜಿಯ ಫೋನ್ ಬರುವ ತನಕ.

ಒಂದು ಭಾನುವಾರ ರಾತ್ರಿ 8 ಗಂಟೆ. ಗದಗದಲ್ಲಿ ಸೋಮವಾರ ಬೆಳಿಗ್ಗೆ ಎಂಟೂವರೆ. ಮಗಳು ಹೋಮ್‌ವರ್ಕ್ ಮಾಡುತ್ತಿದ್ದಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಪದಕ್ಕೆ ಪ್ಯಾಲಿಂಡ್ರೋಮ್ ಅನ್ನುತ್ತಾರೆ. ಪದವೊಂದನ್ನು ಕೊಟ್ಟರೆ ಅದು ಪ್ಯಾಲಿಂಡ್ರೋಮ್ ಹೌದೋ ಅಲ್ಲವೋ ಹೇಳುವ ಪ್ರೋಗ್ರಾಮ್ ಬರೆಯಬೇಕಿತ್ತು. ಇಂಗ್ಲಿಷ್ ಪದಗಳನ್ನು ಕೊಟ್ಟು ನೋಡಿದಳು, ಎಲ್ಲ ಸರಿ ಬಂತು. ವಿಡಿಯೋದಲ್ಲಿ ನೋಡುತ್ತಿದ್ದ ಅಜ್ಜಿ, “ನಮ್ಮೂರ ಹೆಸರು ಹಾಕವಾ” ಅಂದರು. ‘ಗದಗ’ ಹಾಕಿದಳು. ಹೌದು ಅಂತು. ಅಜ್ಜಿಗೆ ಖುಷಿಯೋ ಖುಷಿ. “ಹಂಗಾರ ವಿಕಟಕವಿ ಹಾಕು.” ಹಾಕಿದಳು. ಅಲ್ಲ ಅಂತು.

ಮತ್ತೆ ಹಾಕಿದಳು. ಮತ್ತೆ ಅಲ್ಲ. “ಅಜ್ಜಿ, ಕನ್ನಡದಲ್ಲೇ ಏನೋ ತಪ್ಪಿದೆ” ಅಂದಳು ಮಗಳು. ಅಜ್ಜಿ ಸುಮ್ಮನಿರಲಿಲ್ಲ: “ಕನ್ನಡದಾಗ ಏನೂ ತಪ್ಪಿಲ್ಲ. ನಿನ್ನ ಕಂಪ್ಯೂಟರಿಗೆ ಕಾಗುಣಿತ ಬರಂಗಿಲ್ಲೇನು?”

ಅಜ್ಜಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕಂಪ್ಯೂಟರ್ ಅಕ್ಷರಗಳನ್ನು ನೆನಪಿಡುವುದು ಸಂಖ್ಯೆಗಳಾಗಿ. ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಅಂದರೆ 3221, ‘ವ’ ಅಂದರೆ 3253. ಆದರೆ ‘ವಿ’ಗೆ ಪ್ರತ್ಯೇಕ ಸಂಖ್ಯೆ ಇಲ್ಲ. ಅದು ‘ವ’ ಮತ್ತು ಅದರ ಮೇಲಿನ ಗುಡಿಸು, ಎರಡು ಸೇರಿ ಆದದ್ದು. ಗುಡಿಸಿನ ಸಂಖ್ಯೆ 3263. ನಾವು ‘ವಿಕಟಕವಿ’ಯಲ್ಲಿ ಐದು ಅಕ್ಷರ ಎಣಿಸಿದರೆ ಜಾವಾ ಏಳು ಎಣಿಸುತ್ತದೆ. ತಿರುಗಿಸು ಅಂದರೆ ಆ ಏಳನ್ನೇ ತಿರುಗಿಸುತ್ತದೆ. ಆಗ ಮೊದಲಿಗೆ ಯಾವ ಅಕ್ಷರಕ್ಕೂ ಸೇರದ ಒಂಟಿ ಗುಡಿಸು, ಆಮೇಲೆ ‘ವಕಟಕಿವ’. ಮೊದಲ ‘ವಿ’ಯ ಗುಡಿಸು ಹೋಗಿ ‘ಕ’ದ ಮೇಲೆ ಕೂತಿದೆ, ಕೊನೆಯ ‘ವಿ’ಯದು ಮುಂದೆ ಬಂದು ಅನಾಥವಾಗಿ ನಿಂತಿದೆ! ‘ಗದಗ’ ಪಾಸಾಗಿದ್ದು ಅದರಲ್ಲಿ ಗುಡಿಸು, ಕೊಂಬು ಯಾವುದೂ ಇಲ್ಲದ ಕಾರಣಕ್ಕೆ ಅಷ್ಟೇ.

ಮಕ್ಕಳೇ, ಈಗ ಜಾವಾದ ನಿಜವಾದ ಪಾಠಕ್ಕೆ ಬರೋಣ. ಜಾವಾ ಒಂದು ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆ. ಇದಕ್ಕೆ ಆ ಹೆಸರು ಕೊಟ್ಟವರು ಅಲನ್ ಕೇ. ಅವರು ಕಾಲೇಜಿನಲ್ಲಿ ಗಣಿತದ ಜೊತೆ ಜೀವಶಾಸ್ತ್ರ ಓದಿದವರು. ದೇಹದಲ್ಲಿ ಒಂದೊಂದು ಜೀವಕೋಶವೂ ತನ್ನ ಒಳಗಿನದ್ದನ್ನು ತಾನೇ ನೋಡಿಕೊಂಡು, ಹೊರಗಿನವರೊಡನೆ ಸಂದೇಶಗಳ ಮೂಲಕ ಮಾತಾಡುತ್ತದಲ್ಲ, ಪ್ರೋಗ್ರಾಮ್ ಕೂಡ ಹಾಗೇ ಇರಲಿ ಎಂಬುದು ಅವರ ಆಲೋಚನೆ. ಮಕ್ಕಳ ಕಲಿಕೆಗಾಗಿ ಅವರು ದುಡಿದ ವ್ಯೂಪಾಯಿಂಟ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದ್ದದ್ದು ಎಲ್ಲೋ ದೂರದಲ್ಲಲ್ಲ, ಲಾಸ್ ಏಂಜಲೀಸಿನ ಪಕ್ಕದ ನಮ್ಮ ಗ್ಲೆಂಡೇಲಿನಲ್ಲೇ.

ಅವರ ದಾರಿಯಲ್ಲೇ ಯೋಚಿಸಿ. ಗುಡಿಸನ್ನು ‘ವ’ದಿಂದ ಬೇರೆ ಮಾಡಬಾರದು ಎಂದರೆ ಇಬ್ಬರನ್ನೂ ಒಂದೇ ಮನೆಯೊಳಗೆ ಇಡಬೇಕು. ಆ ಮನೆಗೆ ‘ಅಕ್ಷರ’ ಎಂದು ಹೆಸರಿಡಿ. ಕ್ಲಾಸ್ ಅಂದರೆ ಮನೆಯ ನಕ್ಷೆ, ಆಬ್ಜೆಕ್ಟ್ ಅಂದರೆ ಆ ನಕ್ಷೆಯಂತೆ ಕಟ್ಟಿದ ಒಂದೊಂದು ಮನೆ. ಜಾವಾದಲ್ಲಿ ಕ್ಲಾಸಿನ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಗೊತ್ತೇ? ‘ಅಕ್ಷರ’ ಎಂದೇ ಬರೆಯಿರಿ, ಅದು ಬೇಡ ಅನ್ನುವುದಿಲ್ಲ.

ಈಗ ಪದವನ್ನು ಎಡದಿಂದ ಒಂದೊಂದೇ ಸಂಖ್ಯೆಯಾಗಿ ಓದುತ್ತಾ ಹೋಗಿ. ನಿಯಮಗಳು ಮೂರೇ.

ಒಂದು, ಬಂದದ್ದು ಸ್ವರಚಿಹ್ನೆ (3262ರಿಂದ 3276), ಅರ್ಧಾಕ್ಷರದ ಚಿಹ್ನೆ (3277), ಅನುಸ್ವಾರ (3202) ಅಥವಾ ವಿಸರ್ಗ (3203) ಆಗಿದ್ದರೆ ಈಗಿರುವ ಮನೆಗೇ ಸೇರಿಸಿ.

ಎರಡು, ಈಗಿರುವ ಮನೆ ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದಿದ್ದು, ಬಂದದ್ದು ವ್ಯಂಜನವಾದರೆ ಅದು ಒತ್ತಕ್ಷರ. ಅದನ್ನೂ ಅದೇ ಮನೆಗೆ ಸೇರಿಸಿ.

ಮೂರು, ಉಳಿದಂತೆ ಹೊಸ ಮನೆ ಕಟ್ಟಿ.

‘ಕನ್ನಡ’ ಎಂಬ ಪದದಲ್ಲೇ ಪರೀಕ್ಷಿಸಿ. ‘ಕ’ ಹೊಸ ಮನೆ. ‘ನ’ ಹೊಸ ಮನೆ. ಅರ್ಧಾಕ್ಷರದ ಚಿಹ್ನೆ ಅದಕ್ಕೇ ಸೇರಿತು. ಮುಂದಿನ ‘ನ’ ಒತ್ತಾಗಿ ಅಲ್ಲೇ ಸೇರಿತು. ‘ಡ’ ಹೊಸ ಮನೆ. ಒಟ್ಟು ಮೂರು. ಜಾವಾದ ಎಣಿಕೆಯಲ್ಲಿ ಐದಿತ್ತು, ಈಗ ನಮ್ಮ ಎಣಿಕೆಗೆ ಬಂತು. ಇನ್ನು ಮನೆಗಳ ಪಟ್ಟಿಯನ್ನು ತಿರುಗಿಸಿ ಹೋಲಿಸಿದರೆ ಆಯಿತು.

ಹೋಲಿಸುವಾಗ ಒಂದು ಎಚ್ಚರಿಕೆ. ಎರಡು ಸ್ಲೇಟುಗಳ ಮೇಲೆ ‘ವಿ’ ಬರೆದಿದ್ದೀರಿ ಅನ್ನಿ. ಅಕ್ಷರ ಒಂದೇ, ಸ್ಲೇಟು ಬೇರೆ. ಜಾವಾದಲ್ಲಿ ಎರಡು ಆಬ್ಜೆಕ್ಟುಗಳ ನಡುವೆ ಜೋಡಿ ಸಮಚಿಹ್ನೆ ಹಾಕಿದರೆ ಅದು ಕೇಳುವುದು “ಇವೆರಡೂ ಒಂದೇ ಸ್ಲೇಟಾ?” ಎಂದು. ನಮಗೆ ಬೇಕಿರುವುದು “ಬರೆದದ್ದು ಒಂದೇನಾ?” ಎಂಬ ಪ್ರಶ್ನೆ. ಅದಕ್ಕೆ ‘ಈಕ್ವಲ್ಸ್’ ಎಂಬ ಮೆಥಡ್ ಇದೆ. ‘ಅಕ್ಷರ’ ನೀವೇ ಮಾಡಿದ ಕ್ಲಾಸ್ ಆದ್ದರಿಂದ ಆ ಮೆಥಡನ್ನೂ ನೀವೇ ಬರೆದುಕೊಡಬೇಕು. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವ ಜಾಗಗಳಲ್ಲಿ ಇದೂ ಒಂದು.

ಇಷ್ಟಾದ ಮೇಲೆ ನಮ್ಮ ಮನೆಯಲ್ಲಿ ‘ವಿಕಟಕವಿ’ ಪಾಸಾದ. ಗದಗಕ್ಕೆ ಮತ್ತೆ ಫೋನ್ ಹೋಯಿತು. ‘ಸಮಾಸ’, ‘ನವಜೀವನ’, ‘ಕುಟುಕು’ ಎಂದು ಅಜ್ಜಿ ಒಂದೊಂದೇ ಹೇಳುತ್ತಾ ಹೋದರು, ಮಗಳು ಹಾಕುತ್ತಾ ಹೋದಳು. ಭಾನುವಾರದ ಕನ್ನಡ ಕ್ಲಾಸಿಗೆ ಹೊರಡಲು ಮೂರು ಸಲ ಕರೆಸಿಕೊಳ್ಳುವ ಹುಡುಗಿ ಆ ರಾತ್ರಿ ಹತ್ತು ಗಂಟೆಯ ತನಕ ಕಾಗುಣಿತದ ಜೊತೆ ಕೂತಿದ್ದಳು.

ಪಾಲಕರೇ, ನಿಮಗೊಂದು ಮಾತು. ನಮ್ಮಲ್ಲಿ ಅನೇಕರಿಗೆ ಕೋಡಿಂಗೇ ಕೆಲಸ. ಇನ್ನು ಕೆಲವರಿಗೆ ಅದರ ಗಂಧಗಾಳಿ ಇಲ್ಲ. ಎರಡೂ ಪರವಾಗಿಲ್ಲ. ಭಾಷೆಗಳು ಬದಲಾಗುತ್ತಲೇ ಇರುತ್ತವೆ. 1984ರಲ್ಲಿ ಈ ಎ.ಪಿ. ಪರೀಕ್ಷೆ ಶುರುವಾದಾಗ ಪಾಸ್ಕಲ್ ಇತ್ತು, ಆಮೇಲೆ ಸಿ ಪ್ಲಸ್ ಪ್ಲಸ್, ಈಗ ಜಾವಾ. ಆ ಪಾಸ್ಕಲನ್ನು ಬಗೆಬಗೆಯ ಸಣ್ಣ ಕಂಪ್ಯೂಟರುಗಳಿಗೆ ತಲುಪಿಸಿದ್ದು ನಮ್ಮ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಕೆನೆತ್ ಬೋಲ್ಸ್ ಮತ್ತು ಅವರ ವಿದ್ಯಾರ್ಥಿಗಳು. ಪ್ರೋಗ್ರಾಮನ್ನು ಒಂದು ಕಾಲ್ಪನಿಕ ಯಂತ್ರಕ್ಕಾಗಿ ಬರೆದಿಟ್ಟು, ಯಾವ ಕಂಪ್ಯೂಟರಿನಲ್ಲಾದರೂ ಓಡಿಸುವುದು ಅವರ ಉಪಾಯ. 1995ರಲ್ಲಿ ಬಂದ ಜಾವಾ ನಡೆಯುವುದೂ ಅದೇ ಉಪಾಯದಲ್ಲಿ. ಭಾಷೆ ಯಾವುದೇ ಬರಲಿ, ಎಣಿಸು, ತಿರುಗಿಸು, ಹುಡುಕು, ಜೋಡಿಸು ಎಂಬ ಕೆಲಸಗಳು ಉಳಿಯುತ್ತವೆ. ಏನನ್ನು ಎಣಿಸಬೇಕು ಎಂದು ತಿಳಿದವರು ಮನೆಯಲ್ಲಿ ಒಬ್ಬರು ಬೇಕು. ನಮ್ಮ ಮನೆಯಲ್ಲಿ ಅದು ಗೊತ್ತಿದ್ದದ್ದು ಅಜ್ಜಿಗೆ.

ಹಾಗಾಗಿ ಮಕ್ಕಳೇ, ಕಂಪ್ಯೂಟರ್ ಒಂದು ಕನ್ನಡ ಪದವನ್ನು ತಪ್ಪು ಅಂದರೆ ಕೂಡಲೇ ಒಪ್ಪಬೇಡಿ. ಅದಕ್ಕೆ ಕನ್ನಡ ಕಲಿಸಿದವರು ಯಾರು, ಎಷ್ಟು ಕಲಿಸಿದ್ದಾರೆ ಎಂದು ಕೇಳಿ. ಕಲಿಸಿದ್ದು ಸಾಲದಿದ್ದರೆ ಮುಂದಿನ ಮೇಷ್ಟ್ರು ನೀವೇ.

ಈ ತಿಂಗಳ ಮನೆಗೆಲಸ: ‘ಹಸು’, ‘ಹಳೆ’ ಎಂಬ ಎರಡು ಪದಗಳನ್ನು ಜಾವಾಗೆ ಕೊಟ್ಟು ಕ್ರಮವಾಗಿ ಜೋಡಿಸು ಅನ್ನಿ. ಅದು ‘ಹಳೆ’ಯನ್ನು ಮೊದಲು ಇಡುತ್ತದೆ. ನಿಮ್ಮ ವರ್ಣಮಾಲೆಯ ಚಾರ್ಟಿನಲ್ಲಿ ‘ಳ’ ಎಲ್ಲಿದೆ ನೋಡಿ, ಯೂನಿಕೋಡ್ ಪಟ್ಟಿಯಲ್ಲಿ ಎಲ್ಲಿದೆ ನೋಡಿ. ಕಾರಣ ಸಿಕ್ಕಿದವರು ಮುಂದಿನ ಭಾನುವಾರ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿ. ಸಿಗದಿದ್ದರೆ ಅಜ್ಜಿಗೆ ಒಂದು ಫೋನ್ ಮಾಡಿ. ಸಿಕ್ಕಿದರೂ ಮಾಡಿ.