ಒಂದು ಮಾತು, ಎರಡು ಅರ್ಥ, ಇಬ್ಬರ ನಗು

"ನಿನ್ನನ್ನ ತುಂಬಾ ಮಿಸ್ ಮಾಡ್ಕೋತಿದೀನಿ ಕಣೇ" ಅನ್ನುತ್ತಾನೆ ಹುಡುಗ. "ಮಿಸ್ ಮಾಡ್ಕೊಂಡಿದ್ದು ಸಾಕು, ಮಿಸೆಸ್ ಮಾಡ್ಕೋ" ಅನ್ನುತ್ತಾಳೆ ಹುಡುಗಿ.

ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ಜೋಕು ದಕ್ಕುವುದಿಲ್ಲ, ಕನ್ನಡ ಮಾತ್ರ ಬಲ್ಲವರಿಗೂ ದಕ್ಕುವುದಿಲ್ಲ. ಇದರ ಕೀಲು ಇರುವುದು ನಮ್ಮ ‘ಮಾಡ್ಕೋ’ದಲ್ಲಿ. ಹಂಬಲಿಸುವುದಕ್ಕೂ ಅದೇ ಕ್ರಿಯಾಪದ, ತನ್ನವಳನ್ನಾಗಿಸಿಕೊಳ್ಳುವುದಕ್ಕೂ ಅದೇ. ಹುಡುಗನ ವಾಕ್ಯವನ್ನೇ ಎತ್ತಿಕೊಂಡು, ಒಂದು ಪದ ಬದಲಿಸಿ, ಹುಡುಗಿ ಮದುವೆಯ ಮಾತೆತ್ತಿಬಿಟ್ಟಿದ್ದಾಳೆ. ಎರಡು ಭಾಷೆ ಬೆರೆಸಿದ ಇಂಥ ಚಮತ್ಕಾರದ ರುಚಿಯನ್ನು ನಾಟಕಕಾರ ಕೈಲಾಸಂ, ಪತ್ರಕರ್ತ ವೈಎನ್ಕೆ ನಮಗೆ ಹತ್ತಿಸಿ ಹೋಗಿದ್ದಾರೆ. ಆದರೆ ಕೇಳಿದ ಅರೆಕ್ಷಣದಲ್ಲಿ ತಲೆಯೊಳಗೆ ಏನಾಗುತ್ತದೆ?

1979ರಲ್ಲಿ ಅಮೆರಿಕದ ಮನೋಭಾಷಾ ವಿಜ್ಞಾನಿ ಡೇವಿಡ್ ಸ್ವಿನ್ನಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಎರಡರ್ಥದ ಪದವಿರುವ ವಾಕ್ಯವನ್ನು ಕೇಳಿಸಬೇಕು. ಆ ಪದ ಕಿವಿಗೆ ಬಿದ್ದೊಡನೆ ಪರದೆಯ ಮೇಲೆ ಕೆಲವು ಅಕ್ಷರಗಳನ್ನು ತೋರಿಸಿ, ಅವು ಭಾಷೆಯಲ್ಲಿರುವ ಪದವೇ ಅಲ್ಲವೇ ಎಂದು ಕೇಳಬೇಕು. ಮನಸ್ಸಿನಲ್ಲಿ ಆಗಲೇ ಎಚ್ಚೆತ್ತಿರುವ ಅರ್ಥಕ್ಕೆ ನಂಟಿರುವ ಪದವಾದರೆ ಉತ್ತರ ಬೇಗ ಬರುತ್ತದೆ. ಇಂಗ್ಲಿಷಿನ ‘ಬಗ್’ ಎಂದರೆ ಹುಳುವೂ ಹೌದು, ಕದ್ದು ಕೇಳುವ ಯಂತ್ರವೂ ಹೌದು. ವಾಕ್ಯದಲ್ಲಿ ಜೇಡ, ಜಿರಲೆಗಳ ಮಾತೇ ಇದ್ದಾಗಲೂ ‘ಗೂಢಚಾರ’ ಎಂಬ ಪದಕ್ಕೆ ಜನ ಬೇಗ ಉತ್ತರಿಸಿದರು. ಮೂರು ಉಚ್ಚಾರಾಂಶಗಳಷ್ಟು ಹೊತ್ತು ಕಳೆಯುವುದರೊಳಗೆ ಆ ಬೇಡದ ಅರ್ಥ ಅಡಗಿಹೋಗಿತ್ತು. ಅಂದರೆ ಪದವೊಂದನ್ನು ಕೇಳಿದಾಗ ಮಿದುಳು ಅದರ ಅರ್ಥಗಳನ್ನೆಲ್ಲ ಎಬ್ಬಿಸುತ್ತದೆ. ಸಲ್ಲುವುದನ್ನು ಇಟ್ಟುಕೊಂಡು ಉಳಿದದ್ದನ್ನು ನಮಗೆ ತಿಳಿಸದೆಯೇ ಬದಿಗೆ ಸರಿಸುತ್ತದೆ.

ಒಂದೇ ಪದದಲ್ಲಿ ಎರಡರ್ಥ ಹೊಳೆಯಿಸುವ ಶ್ಲೇಷೆ, ಅಂದರೆ ಪನ್, ಆ ಸರಿಸಿದ ಅರ್ಥವನ್ನು ವಾಪಸು ಕರೆಯುತ್ತದೆ. "ಹುಟ್ಟುಹಬ್ಬಕ್ಕೆ ಮುತ್ತಿನ ಹಾರ ಕೊಡ್ತೀಯಾ?" ಎಂದು ಅವಳು ಕೇಳಿದಾಗ ‘ಹಾರ’ ಎಂಬ ಪದ ಚುಂಬನದ ಅರ್ಥವನ್ನು ಆಚೆಗೆ ತಳ್ಳುತ್ತದೆ. "ಹಾರಕ್ಕೆ ಸಂಬಳ ಬರಲಿ, ಮುತ್ತು ಈಗಲೇ ಕೊಡ್ತೀನಿ" ಎಂದು ಅವನು ಅಂದೊಡನೆ ಅದು ಮರಳಿ ಬಂದು ಕೂರುತ್ತದೆ. ಮೊದಲು ಎಡವುವುದು, ಆಮೇಲೆ ಎಡವಿದ್ದಕ್ಕೆ ಕಾರಣ ಸಿಕ್ಕು ಹಗುರಾಗುವುದು: ನಗೆ ಹೀಗೆ ಎರಡು ಹಂತಗಳಲ್ಲಿ ಹುಟ್ಟುತ್ತದೆಂದು ಮನೋವಿಜ್ಞಾನಿ ಜೆರ್ರಿ ಸಲ್ಸ್ 1972ರಲ್ಲೇ ವಾದಿಸಿದ್ದರು. ವಿನೋದ್ ಗೋಯಲ್ ಮತ್ತು ರೇಮಂಡ್ ಡೋಲನ್ 2001ರಲ್ಲಿ ಜೋಕು ಕೇಳುತ್ತಿದ್ದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಅರ್ಥವನ್ನೇ ನೆಚ್ಚಿದ ಜೋಕು ಒಂದು ದಾರಿ ಹಿಡಿದರೆ, ಸದ್ದಿನ ಮೇಲೆ ಆಡುವ ಪನ್ ಎಡಗಡೆಯ ಮಾತಿನ ಪ್ರದೇಶಗಳನ್ನು ಹಾದು ಹೋಗುತ್ತಿತ್ತು. ತಮಾಷೆ ಅನ್ನಿಸಿದಾಗ ಮಾತ್ರ ಎರಡೂ ಬಗೆಯ ಜೋಕುಗಳು ಹಣೆಯ ಹಿಂದಿನ ಒಂದೇ ಭಾಗವನ್ನು ಚುರುಕುಗೊಳಿಸಿದವು.

ಎಲ್ಲ ಶ್ಲೇಷೆಯೂ ನಗಿಸುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಜಸ್ಟೀನ್ ಕಾವ್ ಮತ್ತು ಸಂಗಡಿಗರು 2016ರಲ್ಲಿ ಇದಕ್ಕೊಂದು ಗಣಿತದ ಮಾದರಿ ಕೊಟ್ಟರು. ಎರಡು ಅರ್ಥಗಳೂ ಸಲ್ಲುವಂತಿದ್ದರೆ ಅದು ಪನ್ ಆಗುತ್ತದೆ. ಪ್ರತಿ ಅರ್ಥಕ್ಕೂ ವಾಕ್ಯದ ಬೇರೆ ಬೇರೆ ಪದಗಳು ಆಸರೆಯಾದಷ್ಟೂ ನಗು ಹೆಚ್ಚುತ್ತದೆ. ಪುರಾತತ್ವದ ವಿದ್ಯಾರ್ಥಿನಿಯನ್ನು "ಯಾರ ಜೊತೆ ಡೇಟಿಂಗ್?" ಎಂದು ಕೇಳಿದರೆ "ಕಾರ್ಬನ್ ಜೊತೆ. ಅದು ವಯಸ್ಸು ಮುಚ್ಚಿಡಲ್ಲ" ಎಂದಳಂತೆ. ‘ಕಾರ್ಬನ್’ ಪ್ರಯೋಗಾಲಯದ ಕಡೆ ಎಳೆಯುತ್ತದೆ, ‘ಜೊತೆ’ ಒಲವಿನ ಕಡೆ. ಹೀಗೆ ಪ್ರತಿ ಅರ್ಥಕ್ಕೂ ಬೇರೆ ಪದದ ಆಸರೆ ಇರುವುದರಿಂದ ಜೋಕು ಗಟ್ಟಿಯಾಗಿದೆ.

ಇಷ್ಟು ಯಾವ ಪನ್‌ಗಾದರೂ ಅನ್ವಯಿಸುತ್ತದೆ. ಒಲವಿನ ವಿಷಯದಲ್ಲಿ ಅದು ವಿಶೇಷವಾಗಿ ಒದಗುವುದೇಕೆ? ನನಗೆ ಅತ್ಯಂತ ಸರಿ ಅನ್ನಿಸುವ ಉತ್ತರ ಮನೋವಿಜ್ಞಾನಿ ಸ್ಟೀವನ್ ಪಿಂಕರ್ ಮತ್ತು ಜೊತೆಗಾರರು 2008ರಲ್ಲಿ ಬರೆದ ಪ್ರಬಂಧದಲ್ಲಿದೆ. ಅದು ಪನ್ ಕುರಿತದ್ದಲ್ಲ, ಸುತ್ತುಬಳಸಿ ಆಡುವ ಮಾತಿನ ಕುರಿತದ್ದು. ಇನ್ನೊಬ್ಬರ ಮನಸ್ಸು ತಿಳಿಯದಿರುವಾಗ ನೇರವಾಗಿ ಕೇಳಿದರೆ, ಒಲ್ಲೆ ಎಂಬ ಉತ್ತರ ಸ್ನೇಹವನ್ನೂ ಕೆಡಿಸಬಹುದು. ಸುತ್ತಿ ಹೇಳಿದ ಮಾತಾದರೆ ಬೇಕಾದವರು ಹಿಡಿದುಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. ಹೊಸದಾಗಿ ಪರಿಚಯವಾದ ಇಬ್ಬರು ಆಡುವ ಮಾತೆಲ್ಲ ಹೆಚ್ಚುಕಡಿಮೆ ಹೀಗೇ ಅಲ್ಲವೇ? "ಕಾಫಿಗೆ ಹೋಗೋಣ್ವಾ" ಎಂಬುದರಲ್ಲಿ ಕಾಫಿ ಎಷ್ಟು, ಉಳಿದದ್ದೆಷ್ಟು? ಅವರು ಮೊದಲೇ ಎರಡರ್ಥದಲ್ಲಿ ಬದುಕುತ್ತಿದ್ದಾರೆ. ಶ್ಲೇಷೆ ಅದಕ್ಕೆ ವ್ಯಾಕರಣ ಒದಗಿಸುತ್ತದೆ. ಹುಡುಗಿಯೊಬ್ಬಳು "ನಿನ್ನ ಅರಸಿ ಬಂದಿದ್ದೇನೆ" ಎಂದು ಚೀಟಿ ಬರೆದರೆ, ನಿನ್ನನ್ನು ಹುಡುಕಿಕೊಂಡು ಬಂದೆ ಎಂದಷ್ಟೇ ಓದಿಕೊಳ್ಳಬಹುದು, ನಿನ್ನ ರಾಣಿ ಬಂದಿದ್ದಾಳೆ ಎಂದೂ ಓದಿಕೊಳ್ಳಬಹುದು. ಯಾವುದನ್ನು ಆರಿಸಿದರೂ ತಪ್ಪಿಲ್ಲ. ಎರಡನೆಯದನ್ನು ಕೇಳಿಸಿಕೊಂಡು ಅವನು ನಕ್ಕರೆ, ಉತ್ತರ ಬಂದಂತೆಯೇ.

ನಮ್ಮ ಆಲಂಕಾರಿಕರು ಈ ಎರಡರ್ಥದ ಆಟವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಒಬ್ಬರು ಆಡಿದ ಪದಕ್ಕೆ ಬೇಕೆಂದೇ ಬೇರೆ ಅರ್ಥ ಹಚ್ಚಿ ಉತ್ತರಿಸುವುದನ್ನು ಕಾಶ್ಮೀರದ ರುದ್ರಟ 9ನೇ ಶತಮಾನದಲ್ಲಿ ಶ್ಲೇಷ ವಕ್ರೋಕ್ತಿ ಎಂದ. ಅದೇ ಶತಮಾನದ, ಅದೇ ನಾಡಿನ ರತ್ನಾಕರ ‘ವಕ್ರೋಕ್ತಿಪಂಚಾಶಿಕಾ’ ಎಂಬ ಕೃತಿಯನ್ನೇ ರಚಿಸಿದ. ಅದರ ತುಂಬ ಶಿವ ಪಾರ್ವತಿಯರು ಒಬ್ಬರ ಮಾತನ್ನೊಬ್ಬರು ತಿರುಚಿ ಆಡುವ ಸರಸ ಸಂವಾದ. ಮುತ್ತಿನ ಹಾರದ ಹುಡುಗ ಆಡಿದ್ದೂ ಅದೇ ಆಟ.

ಆಟಕ್ಕೆ ಇಬ್ಬರೂ ಒಪ್ಪಿರಬೇಕು. ಸಭ್ಯತೆಯ ಗೆರೆ ಒಂದಿಷ್ಟು ದಾಟಿರಬೇಕು, ಜೊತೆಗೆ ಅದರಿಂದ ಯಾರಿಗೂ ನೋವಿಲ್ಲ ಅನ್ನಿಸಬೇಕು. ಆಗ ಮಾತ್ರ ನಗು ಬರುತ್ತದೆಂದು ಸಂಶೋಧಕರಾದ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ 2010ರಲ್ಲಿ ತೋರಿಸಿದರು. ಕೇಳುವವರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದ ಕಡೆ, ಅಂದರೆ ಕಚೇರಿಯಲ್ಲೋ ಬಸ್ಸಿನಲ್ಲೋ, ಅದೇ ದ್ವಂದ್ವಾರ್ಥ ಕಿರುಕುಳವಾಗುತ್ತದೆ. ಆದ್ದರಿಂದ ಶ್ಲೇಷೆಯ ಮಾತಾಡಿದ ಮೇಲೆ ಸುಮ್ಮನಿರಿ. ಎದುರಿನವರು ಮೊದಲ ಅರ್ಥಕ್ಕಷ್ಟೇ ಉತ್ತರ ಕೊಟ್ಟರೆ ಅದನ್ನೇ ಅವರ ನಿರ್ಧಾರವೆಂದು ತಿಳಿಯಿರಿ, ಎರಡನೆಯದನ್ನು ಬಿಡಿಸಿ ಹೇಳಲು ಹೋಗಬೇಡಿ.