ಮಾರಿಕುಪ್ಪಂನಲ್ಲಿ ಕೂತು ‘ಡಂಜನ್’ ಕೊಳ್ಳಬೇಕಾ? ಒಂದು ಎಕ್ಸ್‌ಪಾನ್ಷನ್ ಪ್ಯಾಕ್‌ನ ಲೆಕ್ಕಾಚಾರ

‘ಟಾಲಿಸ್ಮನ್’ ಅನ್ನೋ ಬೋರ್ಡ್ ಗೇಮ್‌ಗೆ ‘ದಿ ಡಂಜನ್’ ಅಂತ ಒಂದು ಎಕ್ಸ್‌ಪಾನ್ಷನ್ ಇದೆ. ಅದನ್ನ ತಗೋಬೇಕಾ ಬೇಡ್ವಾ ಅನ್ನೋ ವಿಷಯಕ್ಕೆ ನಮ್ಮ ಐದು ಜನರ ಗುಂಪಿನಲ್ಲಿ ಎರಡು ತಿಂಗಳಿಂದ ಜಗಳ ನಡೀತಿದೆ. ಕೇಳೋಕೆ ಚಿಲ್ಲರೆ ವಿಷಯ. ಆದರೆ ನಾವೆಲ್ಲ ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆಯವರು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ವಾಪಸ್ ಬರುವವರು. ತಿಂಗಳಿಗೆ ತಲಾ ಇನ್ನೂರು ರೂಪಾಯಿ ಹಾಕಿ ಕೂಡಿಟ್ಟ ಹಣ ಅದು, ಪೂರ್ತಿ ಒಂದು ಡಬ್ಬಕ್ಕೆ ಹೋಗಿಬಿಡುತ್ತೆ. ಜೊತೆಗೆ, ಆ ಡಬ್ಬದೊಳಗೆ ಇರೋದು ನೆಲದಡಿ ಇಳಿದು ಚಿನ್ನ ತರುವ ಕಥೆ. ನಮ್ಮೂರಿನಲ್ಲಿ ಅದನ್ನ ಬರೀ ಕಥೆ ಅಂತ ಯಾರೂ ಅನ್ನಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಟಾಲಿಸ್ಮನ್ ಬಂದದ್ದು 1983ರಲ್ಲಿ, ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್‌ನಿಂದ. ರೂಪಿಸಿದವರು ರಾಬರ್ಟ್ ಹ್ಯಾರಿಸ್. ಒಂದರೊಳಗೊಂದು ಮೂರು ವಲಯಗಳಿರುವ ಬೋರ್ಡ್. ದಾಳ ಹಾಕಿ ನಡೀಬೇಕು, ಕಾರ್ಡ್ ಎಳೀಬೇಕು, ಬಂದದ್ದರ ಜೊತೆ ಕಾದಾಡಿ ಬಲ ಹೆಚ್ಚಿಸ್ಕೋಬೇಕು. ಒಂದು ತಾಯಿತ ಸಂಪಾದಿಸಿ ಒಳವಲಯ ದಾಟಿ ನಟ್ಟನಡುವಿನ ಕಿರೀಟ ಹಿಡೀಬೇಕು. ಕಿರೀಟದ ಮೇಲೆ ಕೂತವನು ಅಲ್ಲಿಂದ ಕದಲಲ್ಲ. ದಾಳ ಒಲಿದಾಗಲೆಲ್ಲ ಅವನ ಮಂತ್ರ ಉಳಿದವರ ಪ್ರಾಣ ಒಂದೊಂದಾಗಿ ಕಳೀತಾ ಹೋಗುತ್ತೆ. ಚೌಕಾಬಾರ ಆಡಿ ಬೆಳೆದವರಿಗೆ ಕಲಿಯೋಕೆ ಹತ್ತು ನಿಮಿಷ ಸಾಕು. ವ್ಯತ್ಯಾಸ ಇಷ್ಟೇ, ಚೌಕಾಬಾರದಲ್ಲಿ ಯಾರೂ ನಿಮ್ಮನ್ನ ಕಪ್ಪೆ ಮಾಡಲ್ಲ.

ಎಕ್ಸ್‌ಪಾನ್ಷನ್ ಅಂದ್ರೆ ಮೂಲ ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ: ಹೊಸ ಬೋರ್ಡ್, ಹೊಸ ಕಾರ್ಡ್, ಹೊಸ ಪಾತ್ರ. ಇದು ವಿದೇಶಿ ಕಂಪನಿಗಳ ಹೊಸ ಚಾಳಿ ಅಂತ ನಮ್ಮಲ್ಲೊಬ್ಬ ವಾದಿಸ್ತಾನೆ. ಪೂರ್ತಿ ನಿಜ ಅಲ್ಲ. ಹತ್ತು ಬಣ್ಣದ, 120 ಎಲೆಯ ದಶಾವತಾರ ಗಂಜೀಫವನ್ನ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅಷ್ಟಕ್ಕೇ ಬಿಡಲಿಲ್ಲ. ಅವರು ರೂಪಿಸಿದ ಚಾಮುಂಡೇಶ್ವರಿ ಛದದಲ್ಲಿ 320 ಎಲೆಗಳು. ಅಷ್ಟು ಎಲೆ ಹಿಡಿದು ಕೂರುವ ಪುರುಸೊತ್ತು ಅರಮನೆಯಲ್ಲಿ ಇದ್ದಿರಬೇಕು. ಹಳ್ಳಿಗಳಲ್ಲಿ ಮಾತ್ರ ಉಳಿದದ್ದು ಹುಲಿ-ಕುರಿ, ಅಳಿಗುಳಿಮಣೆ, ಪಗಡೆ. ನೆಲದ ಮೇಲೆ ಗೀಟು ಎಳೆದು ಹುಣಸೆಬೀಜದಲ್ಲಿ ಆಡಬಹುದಾದದ್ದು ಉಳೀತು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಹತ್ರ ಇರೋದು ಪರಿಷ್ಕೃತ ನಾಲ್ಕನೇ ಆವೃತ್ತಿ, ಫ್ಯಾಂಟಸಿ ಫ್ಲೈಟ್ ಕಂಪನಿಯದು. ಅದರ ಮೂಲ ಸಾಹಸದ ಗಡ್ಡಿಯಲ್ಲಿ 104 ಕಾರ್ಡ್. ಮೊದಲ ಎಕ್ಸ್‌ಪಾನ್ಷನ್ ‘ದಿ ರೀಪರ್’ ಅದೇ ಗಡ್ಡಿಗೆ 90 ಕಾರ್ಡ್ ಸೇರಿಸುತ್ತೆ. ಇದರ ಅರ್ಥ ಸರಳ: ನಿಮಗೆ ಬೇಕಾದ ಒಂದು ಕಾರ್ಡ್ ಸಿಗುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧಕ್ಕೆ ಇಳೀತು. ಆಟಕ್ಕೆ ವೈವಿಧ್ಯ ಬಂತು, ಆದರೆ ಗುರಿಯ ಹಾದಿ ಉದ್ದವಾಯ್ತು. ಹಾಲಿಗೆ ನೀರು ಸೇರಿಸಿದ ಹಾಗೆ, ಪಾತ್ರೆ ತುಂಬಿದೆ ಅಂತ ಖುಷಿಪಡೋಕೆ ಆಗಲ್ಲ.

ಡಂಜನ್ ಮಾಡೋದು ಬೇರೆ ಕೆಲಸ. ಅದು ಹಳೆಯ ಗಡ್ಡಿಯನ್ನ ಕಲಸೋದಿಲ್ಲ. ಬೋರ್ಡಿನ ಮೂಲೆಗೆ ಇನ್ನೊಂದು ಬೋರ್ಡ್ ಜೋಡಿಸಿ, ಅದಕ್ಕೆ ಅದರದೇ ಗಡ್ಡಿ ಕೊಡುತ್ತೆ. ಇಷ್ಟ ಇದ್ದವರು ಇಳೀಬಹುದು. ಕೆಳಗಿನ ಶತ್ರುಗಳು ಬಲಶಾಲಿಗಳು, ಸಿಗುವ ಚಿನ್ನವೂ ಹೆಚ್ಚು. ತುದಿಯ ನಿಧಿಕೋಣೆಯಲ್ಲಿ ಕತ್ತಲ ದೊರೆ ಕಾಯ್ತಿರ್ತಾನೆ. ಅವನನ್ನ ದೊಡ್ಡ ಅಂತರದಲ್ಲಿ ಸೋಲಿಸಿದರೆ ನಿಧಿಯೂ ಸಿಗುತ್ತೆ, ಒಳವಲಯದ ಕಷ್ಟ ಇಲ್ಲದೆ ಕಿರೀಟದ ಹತ್ರ ನೇರ ದಾರಿಯೂ ಸಿಗುತ್ತೆ. ಎಕ್ಸ್‌ಪಾನ್ಷನ್‌ಗಳ ಪೈಕಿ ಇದು ಒಳ್ಳೆಯ ವಿನ್ಯಾಸ ಅಂತಲೇ ನಾನು ಹೇಳ್ತೀನಿ. ಗೆಲ್ಲೋಕೆ ಎರಡನೇ ದಾರಿ ಕೊಡುವ ಎಕ್ಸ್‌ಪಾನ್ಷನ್, ಬರೀ ಕಾರ್ಡ್ ಗುಡ್ಡೆ ಹಾಕುವ ಎಕ್ಸ್‌ಪಾನ್ಷನ್‌ಗಿಂತ ಯಾವಾಗಲೂ ಮೇಲು.

ಆದರೆ ಕೆಳಗೆ ಇಳಿದವನು ಮೇಲಿರುವವರ ಕಣ್ಣಿಂದ ಮರೆಯಾಗ್ತಾನೆ. ಐದು ಜನ ಆಡುವಾಗ ಇಬ್ಬರು ಡಂಜನ್‌ಗೆ ಹೋದರೆ ಅವರಿಗೂ ನಮಗೂ ಸಂಬಂಧ ಕಡಿದಂತೆ. ಅವರವರ ದಾಳ, ಅವರವರ ಕಾರ್ಡ್. ನಾವು ಚಹಾ ಕುಡೀತಾ ನಮ್ಮ ಸರದಿ ಕಾಯ್ತೀವಿ. ಈಗಲೇ ಮೂರು ಗಂಟೆ ಹಿಡಿಯುವ ಆಟ ನಾಲ್ಕೂವರೆಗೆ ಹೋಗುತ್ತೆ. ಸೋಮವಾರ ಬೆಳಗ್ಗೆ ರೈಲು ಹಿಡಿಯುವವರಿಗೆ ಆ ಒಂದೂವರೆ ಗಂಟೆ ನಿದ್ದೆಯಿಂದಲೇ ಕತ್ತರಿಯಾಗಬೇಕು.

ಇನ್ನು ಬೆಲೆ. ಫ್ಯಾಂಟಸಿ ಫ್ಲೈಟ್ ಮತ್ತು ಗೇಮ್ಸ್ ವರ್ಕ್‌ಶಾಪ್ ನಡುವಿನ ಒಪ್ಪಂದ 2017ರಲ್ಲೇ ಮುಗೀತು. ಹಾಗಾಗಿ ನಮ್ಮ ಆವೃತ್ತಿಯ ಭಾಗಗಳಿಗೆ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯೇ ಗತಿ. ಬೆಂಗಳೂರಿನ ಒಬ್ಬ ಮಾರಾಟಗಾರ ಆರೂವರೆ ಸಾವಿರ ಕೇಳಿದ, ಅದೂ ಎರಡು ಕಾರ್ಡ್ ಕಾಣೆಯಾದ ಡಬ್ಬಕ್ಕೆ. ಬೋರ್ಡ್ ಗೇಮ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಕೇರಂ, ಲೂಡೊ ಕೊಳ್ಳುವವರಿಗೆ ಅದು ಸಮಾಧಾನ. ಅಚ್ಚು ನಿಂತ ಡಬ್ಬವನ್ನ ಬಾಯಿಗೆ ಬಂದ ಬೆಲೆಗೆ ಮಾರುವವನ ಹತ್ರ ಯಾವ ತೆರಿಗೆ ಕಡಿತವೂ ಕೆಲಸಕ್ಕೆ ಬರಲ್ಲ.

ಇಷ್ಟೇ ಆಗಿದ್ದರೆ ಜಗಳ ಒಂದೇ ಸಂಜೆಗೆ ಮುಗೀತಿತ್ತು. ಮುಗೀದೇ ಇರೋಕೆ ಕಾರಣ ನಮ್ಮ ಗೆಳೆಯನೊಬ್ಬನ ಒಂದು ಮಾತು. ಅವನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ರಾಕ್ ಬರ್ಸ್ಟ್ ಆಗಿ ತೀರಿಕೊಂಡವರು. “ಮಚ್ಚಾ, ನಮ್ಮ ತಾತ ಸತ್ತಿದ್ದು ಅಂಡರ್‌ಗ್ರೌಂಡ್‌ನಲ್ಲಿ. ಅಲ್ಲಿ ಕತ್ತಲ ದೊರೆ ಯಾರೂ ಇರಲಿಲ್ಲ, ಕಂಪನಿ ಇತ್ತು. ನಾನ್ಯಾಕೆ ದುಡ್ಡು ಕೊಟ್ಟು ಅಲ್ಲಿಗೆ ಇಳೀಲಿ?” ಅಂದ. ಯಾರೂ ನಗಲಿಲ್ಲ.

ಅವನ ಮಾತನ್ನ ಭಾವುಕತೆ ಅಂತ ಪಕ್ಕಕ್ಕೆ ಇಡೋಕೆ ನನಗೆ ಮನಸ್ಸಿಲ್ಲ. ಯಾಕಂದ್ರೆ ಈ ಫ್ಯಾಂಟಸಿ ಜಗತ್ತಿನ ಅರ್ಧ ಸಾಮಾನು ಬಂದಿರೋದೇ ಗಣಿ ಕಾರ್ಮಿಕರ ಭಯದಿಂದ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ನಾಲ್ಕಾಣೆಗೆ ಸಾಯುವ ಕೋಬೋಲ್ಡ್ ಮೂಲದಲ್ಲಿ ಜರ್ಮನಿಯ ಜನಪದದ ಭೂತ. ಬೆಳ್ಳಿ ಸಿಗಬೇಕಾದ ಜಾಗದಲ್ಲಿ ವಿಷದ ಹೊಗೆ ಬಿಡುವ ಅದಿರು ಸಿಕ್ಕರೆ ಅದು ಕೋಬೋಲ್ಡ್‌ನ ಕಾಟ ಅಂತ ಅಲ್ಲಿನ ಗಣಿಯವರು ನಂಬಿದ್ದರು. ಆ ಹೊಗೆ ಆರ್ಸೆನಿಕ್‌ನದು. ಕೋಬಾಲ್ಟ್ ಲೋಹಕ್ಕೆ ಹೆಸರು ಬಂದದ್ದೂ ಆ ಭೂತದಿಂದಲೇ. ಟೋಲ್ಕಿನ್‌ನ ಮೋರಿಯಾ ಕೂಡ ಆಸೆಗೆ ಬಿದ್ದು ಆಳಕ್ಕೆ ತೋಡಿದ ಗಣಿಯೇ. ದುಡಿಯುವವರ ಭಯ ಮೊದಲು ಕಥೆಯಾಯ್ತು, ಆಮೇಲೆ ಆಟವಾಯ್ತು. ಆಟವಾಗುವ ಹೊತ್ತಿಗೆ ದುಡಿಯುವವರು ಮಾಯ. ಡಂಜನ್‌ನ ಚಿನ್ನಕ್ಕೆ ವಾರಸುದಾರರಿಲ್ಲ, ಅದನ್ನ ಅಗೆದವರಿಲ್ಲ. ವೀರ ಬರ್ತಾನೆ, ಎತ್ಕೊಂಡು ಹೋಗ್ತಾನೆ.

ನಮ್ಮಲ್ಲಿ ಹಾಗೆ ಆಗಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೈಹಾಕಿದ ಈ ಗಣಿಗಳು 2001ರ ಫೆಬ್ರವರಿ 28ಕ್ಕೆ ಮುಚ್ಚುವಷ್ಟರಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಕೊಟ್ಟಿದ್ದವು. ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗೂ ಆಳ. ಅಲ್ಲಿನ ಬಂಡೆ ಮುಟ್ಟಿದರೆ ಸುಡುವಷ್ಟು ಬಿಸಿ. ಇಳಿದವರಲ್ಲಿ ಬಹುಪಾಲು ಜನ ತಮಿಳು, ತೆಲುಗು ಸೀಮೆಯಿಂದ ಬಂದ ದಲಿತರು. ಮೇಲೆ ಬಂದ ಚಿನ್ನ ಹಡಗು ಹತ್ತಿತು, ಸಿಲಿಕೋಸಿಸ್ ಮಾತ್ರ ಲೈನ್ ಮನೆಗಳಲ್ಲಿ ಉಳೀತು. ಸಿನಿಮಾದವರು ಸೈನೈಡ್ ದಿಬ್ಬದ ಮೇಲೆ ‘ಕೆಜಿಎಫ್’ ಎರಡು ಭಾಗ ತೆಗೆದರು. ಅದರಲ್ಲಿ ನಮ್ಮ ಯೂನಿಯನ್‌ಗಳ ಸುಳಿವೇ ಇಲ್ಲ. 2024ರ ‘ತಂಗಲಾನ್’ನಲ್ಲಿ ಪಾ. ರಂಜಿತ್ ಅದೇ ಫ್ಯಾಂಟಸಿಯ ದಾರಿ ಹಿಡಿದರೂ ಅಗೆಯುವವನನ್ನೇ ನಾಯಕ ಮಾಡಿದರು. ಅಂದ್ರೆ ತಪ್ಪು ಫ್ಯಾಂಟಸಿಯದ್ದಲ್ಲ, ಅದು ಯಾರ ಕಣ್ಣಿಂದ ನೋಡುತ್ತೆ ಅನ್ನೋದರದ್ದು.

ಇನ್ನೊಂದು ಎಕ್ಸ್‌ಪಾನ್ಷನ್ ನಮ್ಮ ಬಾಗಿಲಲ್ಲೇ ನಿಂತಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಬಿಜಿಎಂಎಲ್‌ನ ಸುಮಾರು 1,003 ಎಕರೆಯಲ್ಲಿರುವ ಹದಿಮೂರು ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲೂ ಕೇಳಬೇಕಾದ ಪ್ರಶ್ನೆ ಇದೇ: ಹೊಸ ಬೋರ್ಡ್ ಬಂತು ಸರಿ, ಹಳೆ ಆಟಗಾರರ ಪಾಲಿಗೆ ಏನು ಬರುತ್ತೆ?

ಆಟಕ್ಕೆ ವಾಪಸ್ ಬರ್ತೀನಿ. ನನ್ನ ಸಲಹೆ ಹೀಗಿದೆ. ನೀವು ಇಬ್ಬರು ಅಥವಾ ಮೂವರು ಆಡುವವರಾದರೆ, ಮೂಲ ಆಟ ಇಪ್ಪತ್ತು ಸಲ ಆಡಿ ಕಾರ್ಡುಗಳೆಲ್ಲ ಬಾಯಿಪಾಠ ಆಗಿದ್ದರೆ, ಡಂಜನ್ ನ್ಯಾಯವಾದ ಬೆಲೆಗೆ ಸಿಕ್ಕರೆ ತಗೊಳ್ಳಿ. ಕಡಿಮೆ ಜನ ಇದ್ದಾಗ ಕಾಯುವ ಹೊತ್ತು ಕಡಿಮೆ, ಎರಡನೇ ದಾರಿಯ ಲಾಭ ಪೂರ್ತಿ ಸಿಗುತ್ತೆ. ಕೊಳ್ಳುವ ಮೊದಲು ನೊಮಾಡ್ ಗೇಮ್ಸ್‌ನ ಡಿಜಿಟಲ್ ಆವೃತ್ತಿಯಲ್ಲಿ ಆಡಿ ನೋಡಿ. ಅಲ್ಲಿ ಡಂಜನ್ ಬೇರೆಯಾಗಿ, ಬೋರ್ಡಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತೆ. ನಾಲ್ಕೈದು ಜನರ ಗುಂಪಿಗೆ ಮಾತ್ರ ನಾನು ಬೇಡ ಅಂತೀನಿ.

ನಮ್ಮ ಗುಂಪು ಸದ್ಯಕ್ಕೆ ಮಾಡಿರೋದು ಬೇರೆ. ರಟ್ಟು ಕತ್ತರಿಸಿ ಹನ್ನೆರಡು ಕಾರ್ಡ್ ನಾವೇ ಬರೆದ್ವಿ. ಆಟದ ನಿಯಮದ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅವರ ಚಿತ್ರ, ಅವರ ಪಠ್ಯ ಕದಿಯದಿದ್ದರೆ ಸಾಕು. ‘ರಾಕ್ ಬರ್ಸ್ಟ್’ ಕಾರ್ಡ್ ಬಂದರೆ ಅದೇ ವಲಯದಲ್ಲಿರುವ ಎಲ್ಲರೂ ಒಂದು ಸರದಿ ಬಿಟ್ಟು, ಸಿಕ್ಕಿಹಾಕಿಕೊಂಡವನನ್ನ ಬಿಡಿಸಬೇಕು. ‘ಮುಷ್ಕರ’ ಕಾರ್ಡ್ 1930ರ ಮುಷ್ಕರದ ನೆನಪಿಗೆ. ಕಾರ್ಮಿಕರ ಬೆರಳಚ್ಚು ತಗೊಂಡು ನೋಂದಾಯಿಸುವ ನಿಯಮದ ವಿರುದ್ಧ ಆಗ 21 ದಿನ ಗಣಿಗಳು ನಿಂತಿದ್ದವು. ನಮ್ಮ ಆಟದಲ್ಲಿ, ಕಿರೀಟದ ಮೇಲೆ ಕೂತವನನ್ನ ಬಿಟ್ಟು ಉಳಿದ ಎಲ್ಲರೂ ಒಟ್ಟಿಗೆ ತಮ್ಮ ಸರದಿ ಬಿಟ್ಟುಕೊಟ್ಟರೆ ಅವನ ಮಂತ್ರ ನಡೆಯಲ್ಲ. ಒಬ್ಬ ಒಡೆದರೂ ನಡೆಯುತ್ತೆ. ಮೂರು ಭಾನುವಾರ ಆಡಿದ್ದೀವಿ, ಎರಡು ಸಲ ಒಬ್ಬ ಒಡೆದ. ಆಟದ ಅತ್ಯಂತ ಜೋರು ಗಲಾಟೆ ಆಗಿದ್ದು ಆವಾಗಲೇ. ಆ ತಾತನ ಮೊಮ್ಮಗ ಹೆಚ್ಚು ಕಾರ್ಡ್ ಬರೆದವನು.

2024ರಲ್ಲಿ ಏವಲಾನ್ ಹಿಲ್ ಕಂಪನಿ ಟಾಲಿಸ್ಮನ್‌ನ ಐದನೇ ಆವೃತ್ತಿ ತಂತು. ಅದಕ್ಕೆ ‘ಅಲೈಯನ್ಸಸ್’ ಅಂತ ಒಂದು ಎಕ್ಸ್‌ಪಾನ್ಷನ್ ಇದೆ. ಅದರಲ್ಲಿ ಎಲ್ಲರೂ ಒಂದೇ ಕಡೆ ಸೇರಿ ಆಡ್ತಾರೆ. ನಲವತ್ತು ವರ್ಷ ಒಬ್ಬರನ್ನೊಬ್ಬರು ಕಪ್ಪೆ ಮಾಡಿಸಿದ ಆಟಕ್ಕೆ ಇದು ದೊಡ್ಡ ತಿರುವು. ಆದರೆ ಅದಕ್ಕೆ ಹೊಸ ಮೂಲ ಆಟವನ್ನೂ ಕೊಳ್ಳಬೇಕು. ಆಫೀಸಿನ ಪರಿಚಯದವರೊಬ್ಬರು ಎರಡೂ ಡಬ್ಬ ಒಂದು ವಾರಕ್ಕೆ ಎರವಲು ಕೊಡ್ತೀನಿ ಅಂದಿದ್ದಾರೆ. ಆಡಿ ನೋಡಿದ ಮೇಲೆಯೇ ಕೂಡಿಟ್ಟ ಹಣ ಮುಟ್ಟೋದು ಅಂತ ಐದು ಜನವೂ ಒಪ್ಪಿದ್ದೀವಿ.